ಅತ್ತೆಯ ಜೇಷ್ಠಮಧು

ಟೆಂಪೋ ಹತ್ತಲು ಕಾಲು ಎತ್ತಹೋದೆ. ಏಳಲಿಲ್ಲ.

ಇಂಡಿಯಿಂದ ತಾಂಬಾದ ಹೈಸ್ಕೂಲಿಗೆ ಹದಿನೆಂಟು ವರ್ಷ ಹೋಗಿಬಂದ ಕಾಲು ಅದು. ಹಿಂದಿದ್ದ ಹೆಂಗಸು ಸೊಂಟಕ್ಕೆ ಕೈಕೊಟ್ಟು ನೂಕಿದಳು. "ಉಪಾಸ ಅದೀರೇನ್ರಿ ಟೀಚರ?" ಎಂದಳು. ನಕ್ಕು ಸೀಟು ಹಿಡಿದೆ. ಮರುದಿನ ಬೋರ್ಡಿನ ಮೇಲೆ ಬರೆಯಲು ಎತ್ತಿದ ಕೈ ಅರ್ಧಕ್ಕೇ ಇಳಿಯಿತು. ಮೂರನೆಯ ದಿನ ನನ್ನನ್ನು ಹಾಸಿಗೆಯಿಂದ ನಮ್ಮವರೇ ಎಬ್ಬಿಸಿ ಕೂರಿಸಬೇಕಾಯಿತು.

ವಿಜಯಪುರದ ಆಸ್ಪತ್ರೆಯಲ್ಲಿ ನೇರ ಐಸಿಯುಗೆ ಹಾಕಿದರು. ಬಿಪಿ ನೂರಾ ತೊಂಬತ್ತು. ರಕ್ತದಲ್ಲಿ ಪೊಟ್ಯಾಶಿಯಂ ಮೂರೂವರೆಯಾದರೂ ಇರಬೇಕಂತೆ, ನನ್ನದು ಎರಡಕ್ಕೆ ಇಳಿದಿತ್ತು. ಇನ್ನೂ ಇಳಿದರೆ ಹೃದಯ ನಿಲ್ಲಬಹುದು ಎಂದು ಡಾಕ್ಟರು ನಮ್ಮವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಡಾಕ್ಟರು ಬಾಗೇವಾಡಿ ಕಡೆಯ ಹೆಣ್ಣುಮಗಳು. "ಡ್ರಿಪ್ ಹಚ್ಚಿದ್ರೂ ಪೊಟ್ಯಾಶಿಯಂ ನಿಲ್ಲವಲ್ದು. ಯಾವುದಾದ್ರೂ ಔಷಧ ತಗೋತೀರೇನು? ನಾಟಿ ಔಷಧ?"

"ಏನಿಲ್ರಿ."

ಅದು ಸುಳ್ಳು.

ನಮ್ಮ ಅತ್ತೆಯ ಜೇಷ್ಠಮಧುವಿನ ಕಷಾಯ ಗೊತ್ತಿಲ್ಲದವರು ನಮ್ಮ ಓಣಿಯಲ್ಲಿಲ್ಲ. ಬೇರು ಹಳದಿಯಾಗಿರಬೇಕು, ಮುರಿದರೆ ನಾರು ಕಾಣಬೇಕು, ಹುಳು ಹಿಡಿದಿರಬಾರದು. ಕಿರುಬೆರಳಿನಷ್ಟು ತುಂಡನ್ನು ಜಜ್ಜಿ, ನಾಲ್ಕು ಲೋಟ ನೀರು ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಗಂಟಲು ಕಟ್ಟಿದ ಮಾಸ್ತರರು, ಭಜನೆಯವರು ಬಂದು ಕುಡಿದು ಹೋಗುತ್ತಾರೆ. ಚಿಕ್ಕಮ್ಮನನ್ನು ಕರೆಯುವಂತೆ ಎಲ್ಲರೂ ಅತ್ತೆಯನ್ನು ಕಾಕು ಎನ್ನುತ್ತಾರೆ. ಎಲ್ಲರಿಗೂ ಅವರದು ಒಂದೇ ಮಾತು: "ಮೂರು ದಿನ. ನಾಲ್ಕನೇ ದಿನ ಬರಬ್ಯಾಡ್ರಿ."

ನಾನು ಮನೆಯವಳು, ನನ್ನನ್ನು ಕೇಳುವವರು ಯಾರು? ಸಕ್ಕರೆ ಬಿಡಬೇಕೆಂದು ಚಹಾ ಬಿಟ್ಟಿದ್ದೆ. ಬೇರಿನದು ಸಕ್ಕರೆಯಿಲ್ಲದ ಸಿಹಿ. ನಾನೇ ಕುದಿಸಿಕೊಂಡು ದಿನಾ ಒಂದು ಥರ್ಮಾಸ್ ತುಂಬ ಶಾಲೆಗೆ ಒಯ್ಯುತ್ತಿದ್ದೆ. ಪಿರಿಯಡ್ಡುಗಳ ನಡುವೆ ಬೇರು ಅಗಿಯುತ್ತಿದ್ದೆ. ಹೀಗೆ ಐದು ತಿಂಗಳು. "ಟೀಚರ ದನಿ ಏನು ಗಂಟಿ ಹೊಡದಂಗ" ಎಂದು ಹೆಡ್‌ಮಾಸ್ತರರು ಹೊಗಳಿದಾಗ ಉಬ್ಬಿಹೋಗಿದ್ದೆ. ಸಾಲಿ ಕಲಿಸುವವಳ ಬುದ್ಧಿ ನೋಡಿ.

ಐಸಿಯುನಲ್ಲಿ ಆ ಕಷಾಯ ನೆನಪಾಗಲಿಲ್ಲವೆಂದಲ್ಲ. ಆದರೆ ಹೇಳಿದರೆ ಅತ್ತೆಯ ಮೇಲೆ ಬರುತ್ತದೆ. ಸೊಸೆಗೆ ಏನೋ ಕುಡಿಸಿ ಐಸಿಯು ಹತ್ತಿಸಿದಳು ಎಂದು ಓಣಿಯೆಲ್ಲ ಆಡಿಕೊಳ್ಳುತ್ತದೆ. ಎಪ್ಪತ್ತಾರು ವರ್ಷದ ಬಾಳಿನಲ್ಲಿ ಗಳಿಸಿದ ಹೆಸರು. ಬಾಯಿ ಮುಚ್ಚಿಕೊಂಡೆ. ಡಾಕ್ಟರು ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಇರಬಹುದು, ನಾಳೆ ಸಿ.ಟಿ. ಸ್ಕ್ಯಾನ್ ಮಾಡೋಣ ಎಂದರು. ಆಪರೇಷನ್ ಎಂಬ ಮಾತೂ ಬಂತು. ಹೆದರಿ ಕಣ್ಣೀರು ಹಾಕಿದೆ. ಆದರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಇಂಡಿಯಿಂದ ಮೊದಲ ಬಸ್ಸಿಗೆ ಬಂದರು. ಗಡ್ಡೆಯ ಸುದ್ದಿ ಕೇಳಿದರು. ನನ್ನ ಮುಖ ನೋಡಿದರು. ಅಷ್ಟರಲ್ಲಿ ಡಾಕ್ಟರು ರೌಂಡ್ಸಿಗೆ ಬಂದರು. ಅತ್ತೆ ಕೈಚೀಲದಿಂದ ಒಂದು ಅರಿವೆಯ ಗಂಟು ತೆಗೆದು ಡಾಕ್ಟರ ಫೈಲಿನ ಮೇಲೆ ಬಿಚ್ಚಿಟ್ಟರು.

"ಜೇಷ್ಠಮಧು. ಐದು ತಿಂಗಳಿಂದ ದಿನಾ ಕುಡೀಲಿಕತ್ತಾಳ. ಅಡಿಗಿಮನ್ಯಾಗ ಬೇರು ಲಗೂ ತೀರೋದು ನೋಡೀನಿ, ಕೇಳಲಿಲ್ಲ. ತಪ್ಪು ನಂದೂ ಅದ. ಇದರಿಂದ ಆಗಿದ್ರ ಹೇಳ್ರಿ."

ನನಗೆ ಅಳು ಬಂತು.

ಡಾಕ್ಟರು ಬೇರನ್ನು ಮೂಸಿ ನೋಡಿದರು. "ಇದರಿಂದನ ಇರಬೇಕ್ರಿ ಅಮ್ಮಾ. ಅತಿ ಆದ್ರ ಇದು ಪೊಟ್ಯಾಶಿಯಂ ಹೊರಗ ಹಾಕತೈತಿ, ಬಿಪಿ ಏರಸತೈತಿ. ಚೀನಾದ ನಾಟಿ ವೈದ್ಯರೂ ಇದನ್ನ ಜೇನಿನ್ಯಾಗ ಹುರದು ಭಾಳ ಔಷಧದಾಗ ಹಾಕ್ತಾರ. ಆದ್ರ ಅವರೂ ಚೂರ ಹಾಕೋದು."

"ಅಲ್ಲೀತನಕ ಹೋಗೇದೇನು ನಮ್ಮ ಬೇರು!" ಎಂದರು ಅತ್ತೆ. ಐಸಿಯುನಲ್ಲೂ ಅವರ ಗತ್ತು ಇಳಿದಿರಲಿಲ್ಲ.

ಸ್ಕ್ಯಾನ್ ನಿಲ್ಲಿಸಿದರು. ಬೇರು ಮುಟ್ಟುವುದು ಬಿಟ್ಟೆ. ಡ್ರಿಪ್ ಮತ್ತು ಬಾಯಿ ಸುಡುವಂಥ ಉಪ್ಪುಪ್ಪು ಸಿರಪ್ ನಡೆದವು. ನಾಲ್ಕನೆಯ ದಿನ ಪೊಟ್ಯಾಶಿಯಂ ಮೂರು ದಾಟಿತು. ಆರನೆಯ ದಿನ ಮನೆಗೆ ಬಂದೆ. ಬಿಪಿ ಇಳಿಯಲು ಇನ್ನೂ ಕೆಲವು ವಾರ ಹಿಡಿಯುತ್ತದಂತೆ. ಇನ್ನೂ ಮಾತ್ರೆ ನುಂಗುತ್ತಿದ್ದೇನೆ, ಮೆಟ್ಟಿಲು ನಿಧಾನ ಹತ್ತುತ್ತೇನೆ. ಮುಂದೇನೋ, ತಪಾಸಣೆ ಬಾಕಿ ಇದೆ.

ಮೊನ್ನೆ ಭಜನೆಯ ಶಾಂತಾಬಾಯಿ ಗಂಟಲು ಕಟ್ಟಿದೆಯೆಂದು ಬಂದರು. ಅತ್ತೆ ಕಟ್ಟೆಯ ಮೇಲಿಂದ ಏಳಲಿಲ್ಲ. ಮೊದಲು ಕೇಳಿದರು: "ಬಿಪಿ ಗುಳಿಗಿ ನುಂಗ್ತೀರೇನು?"

"ಹೌದ್ರಿ, ಮೂರು ವರ್ಷಾತು."

"ಹಂಗಾರ ಕೊಡೂದಿಲ್ಲ. ಬಿಸಿನೀರಾಗ ಉಪ್ಪು ಹಾಕಿ ಮುಕ್ಕಳಸ್ರಿ."

ಶಾಂತಾಬಾಯಿಯ ಮುಖ ಸಣ್ಣದಾಯಿತು. "ಇಷ್ಟು ವರ್ಷ ಕೊಟ್ಟೀರಿ ಕಾಕು. ನಿಮ್ಮ ಕಷಾಯ ಯಾರಿಗೆ ಕೆಟ್ಟದ್ದು ಮಾಡೇತ್ರಿ?"

"ನನ್ನ ಸೊಸಿಗೆ ಮಾಡೇದ. ಒಳಗಿದ್ದಾಳ. ಕೇಳ್ರಿ."

ಬೀದಿಗೆ ಕೇಳುವಂತೆ ಹೇಳಿದರು. ಯಾವ ಹೆಸರು ಉಳಿಸಲು ನಾನು ಜೀವ ಪಣಕ್ಕಿಟ್ಟಿದ್ದೆನೋ ಆ ಹೆಸರನ್ನು ಅತ್ತೆ ತಾವೇ ಕಟ್ಟೆಯ ಮೇಲೆ ಇಟ್ಟುಬಿಟ್ಟಿದ್ದರು. ಇಂಥವರ ಸೊಸೆ ನಾನು ಎಂದು ಎದೆ ತುಂಬಿ ಬಂತು. ಗೋಡೆ ಹಿಡಿಯದೆ ಎದ್ದು ಬಾಗಿಲಿಗೆ ಬಂದೆ.

"ಹೌದ್ರಿ ಶಾಂತಾಬಾಯಿ," ಎಂದೆ, "ಕುಂಡ್ರಿ, ಎಲ್ಲಾ ಹೇಳ್ತೀನಿ."