ಬೀಜದ ಮುಡಿ ಬೇಯಿಸಿದ ವರ್ಷ

ಬೀಜದ ಭತ್ತವನ್ನು ಬೇಯಿಸಿ ಅಕ್ಕಿ ಮಾಡಿಸಿದ ಸೊಸೆ ಹಟ್ಟಿಯಂಗಡಿ ಕಡೆ ನಾನೊಬ್ಬಳೇ ಇರಬೇಕು. ಬ್ರಹ್ಮಾವರ ಪೇಟೆಯಲ್ಲಿ ಬೆಳೆದವಳು, ಡಿಗ್ರಿ ಓದಿದವಳು ಬೇರೆ.

ನಮ್ಮ ಗದ್ದೆ ಹೊಳೆಯ ಬದಿಗಿದೆ. ನಾಲ್ಕು ದಿನ ಮಳೆ ಬಿಟ್ಟರೆ ಸಾಕು, ಕಡಲು ಉಬ್ಬುವ ಭರತದ ಹೊತ್ತಿಗೆ ಉಪ್ಪುನೀರು ಕಟ್ಟೆ ದಾಟಿ ಒಳಗೆ ಬರುತ್ತದೆ. ಬೇರೆ ಭತ್ತವಾದರೆ ಸುಟ್ಟ ಹಾಗೆ ಕೆಂಪಾಗಿ ಹೋಗುತ್ತದೆ. ಅತ್ತೆಯ ಭತ್ತ ಮಾತ್ರ ಬದುಕುತ್ತಿತ್ತು. ಅದಕ್ಕೆ ಮನೆಯಲ್ಲಿ ಹೆಸರು ಕೂಡ ಇರಲಿಲ್ಲ, ಬೀಜ ಅಂದರೆ ಅದೇ. ಪ್ರತಿ ವರ್ಷ ಕೊಯ್ಲಾದ ಮೇಲೆ ಒಳ್ಳೆಯ ತೆನೆಗಳನ್ನು ಬೇರೆಯೇ ಬಡಿದು, ಒಣಗಿಸಿ, ಬೈಹುಲ್ಲಿನಲ್ಲಿ ಉರುಟಾಗಿ ಸುತ್ತಿ ಮುಡಿ ಕಟ್ಟಿ ಅಟ್ಟದ ಮೇಲಿಡಿಸುತ್ತಿದ್ದರು.

ಆ ಬೇಸಗೆಯಲ್ಲಿ ಅತ್ತೆ ಮಗಳ ಬಾಣಂತನಕ್ಕೆಂದು ಮುಂಬಯಿಗೆ ಹೋದರು. ಊಟದ ಅಕ್ಕಿ ಆಗಲೇ ಮುಗಿದಿತ್ತು. ಅಂಗಡಿ ಅಕ್ಕಿ ತನ್ನಿ ಎಂದು ಹೇಳಿಯೇ ರೈಲು ಹತ್ತಿದ್ದರು. ಮುಡಿಯ ವಿಷಯ ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಅವರು ಹೋದ ವಾರವೇ ಊರಲ್ಲಿ ಬೀಜದ ಬಗ್ಗೆ ಒಂದು ಸಭೆ ಆಯಿತು. ಮೈಕ್ ಹಿಡಿದವರು ಹಳೆ ಬೀಜ ಬಿಡಿ, ಪ್ರತಿ ವರ್ಷ ಹೊಸದು ಹಾಕಿ, ಸಬ್ಸಿಡಿ ಇದೆ, ಎಲ್ಲ ಗದ್ದೆಗೂ ಆಗುತ್ತದೆ ಎಂದರು. ನಾನು ಮುಂದಿನ ಸಾಲಲ್ಲೇ ಕೂತು ತಲೆಯಾಡಿಸಿದೆ. ಹೊಸ ಬೀಜಕ್ಕೆ ಹೆಸರು ಬರೆಸಿ ಮನೆಗೆ ಬಂದವಳು, ಇಲಿ ತಿನ್ನುವ ಬದಲು ನಾವೇ ತಿನ್ನೋಣ ಎಂದು ಮುಡಿ ಬಿಚ್ಚಿದೆ. ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಮಿಲ್ಲಿಗೆ ಕಳಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲ ಮಳೆ ಬಿದ್ದ ಮೇಲೆ ಸಬ್ಸಿಡಿ ಬೀಜ ಕೊಡುವ ಕೌಂಟರಿಗೆ ಹೋದರೆ ಅಲ್ಲಿದ್ದದ್ದು ಬೇರೆ ಯಾವುದೋ ರಾಜ್ಯದ ಚೀಲ.

"ಉಪ್ಪ್ ನೀರಿಗೆ ಆತ್ತಾ ಇದ್?" ಎಂದು ಕೇಳಿದೆ.

ಕೌಂಟರಿನಲ್ಲಿದ್ದವರು ಚೀಲ ತಿರುಗಿಸಿ ಚೀಟಿ ಓದಿದರು. "ಹಾಂಗೆಂತದೂ ಬರಿಲಿಲ್ಲೆ ಮೇಡಂ. ಮೇಲಿಂದ ಎಂತ ಬತ್ತೋ ಅದನ್ನೇ ಕೊಡುದ್ ನಾವ್."

ಬೇಯಿಸಿದ ಭತ್ತ ಮೊಳೆಯುವುದಿಲ್ಲ ಎಂದು ಗೊತ್ತಿಲ್ಲದವಳೇನಲ್ಲ. ಆದರೂ ಬಸ್ಸಿನಲ್ಲಿ ಕೂತು, ಒಂದು ಹಿಡಿಯಾದರೂ ಬೇಯದೆ ಉಳಿದಿರಬಹುದೇ ಎಂದು ಯೋಚಿಸುತ್ತಲೇ ಇದ್ದೆ. ಮನೆಗೆ ಬಂದು ಅಟ್ಟವನ್ನೆಲ್ಲ ಗುಡಿಸಿದೆ. ಇಲಿ ತಿಂದು ಬಿಟ್ಟ ಹೊಟ್ಟು ಸಿಕ್ಕಿತು.

ಹೊಳೆಬದಿಯಲ್ಲಿ ಗದ್ದೆ ಇದ್ದ ಬೇರೆ ಮನೆಗಳಿಗೆ ಹೋದೆ, ಯಾರಲ್ಲಾದರೂ ಇದ್ದೇ ಇರುತ್ತದೆ ಎಂದುಕೊಂಡು. ಮೊದಲ ಮನೆಯ ಅಕ್ಕ ನಕ್ಕರು. "ನಾವ್ ಬೀಜ ಇಡುದ್ ಬಿಟ್ಟ್ ಎರ್ಡ್ ವರ್ಷ ಆಯ್ತ್. ಬೇಕಾರೆ ನಿಮ್ಮತ್ತೆ ಹತ್ರ ಇತ್ತಲೆ!" ಎರಡನೆಯ ಮನೆಯಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಎಲ್ಲರೂ ನಮ್ಮ ಅಟ್ಟವನ್ನು ನಂಬಿ ಕೂತಿದ್ದರು. ಅಲ್ಲಿಯವರೆಗೆ ಅತ್ತೆಗಷ್ಟೇ ಹೆದರುತ್ತಿದ್ದೆ. ಆಮೇಲೆ ಹೊಳೆಬದಿಯ ಒಂದೊಂದು ಗದ್ದೆ ನೋಡಿದರೂ ಹೆದರಿಕೆಯಾಗುತ್ತಿತ್ತು. ಇನ್ನು ಯಾರೋ ಎಲ್ಲಿಂದಲೋ ಕಳಿಸಿದ್ದನ್ನೇ ನಾವು ಬಿತ್ತಬೇಕು, ಅವರು ಹೇಳಿದ ರೇಟಿಗೇ ಕೊಳ್ಳಬೇಕು, ಅವರು ಕಳಿಸದ ವರ್ಷ ಗದ್ದೆಯನ್ನು ಬಿತ್ತದೆ ಹಡಿಲು ಬಿಡಬೇಕು. ಇಷ್ಟೆಲ್ಲ ತಿಳಿದೂ ಯಾರಿಗೂ ನಿಜ ಹೇಳದೆ ವಾಪಸು ಬಂದೆ.

ಮರುವಾರ ಅತ್ತೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತರು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಅಂಗಡಿ ಅಕ್ಕಿ ಡಬ್ಬದಲ್ಲಿದ್ದರೂ ಮುಡಿಯ ಅಕ್ಕಿಯದೇ ಗಂಜಿ ಮಾಡಿ ಬಡಿಸಿದೆ.

ಎರಡು ತುತ್ತು ಉಂಡವರು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದರು. "ಮನಿ ಅಕ್ಕಿ ಮುಗ್ದಿತ್ತಲೆ. ಇದ್ ಎಲ್ಲಿದ್ದ್?"

ಉಪ್ಪಿನಕಾಯಿ ಭರಣಿ ಹಿಡಿದು ನಿಂತೇ ಇದ್ದೆ. ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಅಟ್ಟದ ಕಡೆ ನೋಡಿದರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ತಲೆ ತಗ್ಗಿಸಿ ಗಂಜಿ ಪೂರ್ತಿ ಉಂಡು, ಒಂದಗುಳೂ ಬಿಡದೆ ಬಳಿದು, ಬಟ್ಟಲನ್ನು ನನ್ನತ್ತ ಚಾಚಿದರು.

"ಇನ್ನೊಂಚೂರ್ ಬಡ್ಸ್. ಇನ್ ಇದ್ ಸಿಕ್ತಿಲ್ಲೆ."