ಅವ್ವನಿಗೆ ನಾನು ‘ಅಸ್ಥಿ’ ಎಂದದ್ದು

ಬೇಕೆಂದೇ ಹೇಳಿದೆ. ಬಾಯಿತಪ್ಪಿ ಬಂದ ಮಾತಲ್ಲ ಅದು. ನನ್ನ ತಂಗಿ ನಾಗವೇಣಿಯ ಜೀವ ಉಳಿಸಲು ನನ್ನ ಎಲುಬಿನೊಳಗಿನ ಮಜ್ಜೆ ಬೇಕಾಗಿತ್ತು. ಕೊಡಲು ನನಗೆ ಮನಸ್ಸಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಗಂಡೆದೆಯೂ ಇರಲಿಲ್ಲ. ಹಾಗಾಗಿ ಶೆಟಗೇರಿಯ ಮನೆಗೆ ಹೋಗಿ, ಓದುಬರಹ ಬಾರದ ಅವ್ವನ ಮುಂದೆ ಕೂತು, ‘ಅಸ್ಥಿ’ ಎಂಬ ಪದ ಆಡಿದೆ. ಆ ಪದ ಕೇಳಿದರೆ ಅವಳು ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಅವಳು ಅದನ್ನೇ ಮಾಡಿದಳು.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಯಾವ ಪದವನ್ನು ಎಲ್ಲಿ ಆಡಬೇಕು ಎಂದು ಮಕ್ಕಳಿಗೆ ಕಲಿಸುವುದು ನನ್ನ ಹೊಟ್ಟೆಪಾಡು. ಆ ವಿದ್ಯೆಯನ್ನು ಬದುಕಿನಲ್ಲಿ ಒಮ್ಮೆ ಪೂರ್ತಿಯಾಗಿ ಬಳಸಿದ್ದರೆ, ಅದು ಅಂದು, ನನ್ನ ಹೆತ್ತವಳ ಮೇಲೆ.

ನಾಗವೇಣಿಯನ್ನು ಬೇಲೆಕೇರಿಗೆ ಕೊಟ್ಟಿತ್ತು. ಗಂಡ ಗಣಪತಿ ಟೆಂಪೋ ಓಡಿಸುವವನು, ಮಾತು ಕಡಿಮೆ. ಮದುವೆಯಾಗಿ ಕೆಲವು ವರ್ಷಕ್ಕೆ ಅವಳಿಗೆ ಸುಸ್ತು ಶುರುವಾಯಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಕೂತುಬಿಡುತ್ತಿದ್ದಳು. ಹಲ್ಲುಜ್ಜಿದರೆ ರಕ್ತ. ತೋಳಿನ ಮೇಲೆ, ತೊಡೆಯ ಮೇಲೆ ಎಲ್ಲೂ ತಾಗಿಸಿಕೊಳ್ಳದೆಯೇ ನೀಲಿ ಕಲೆ. ಹತ್ತಿರದ ಡಾಕ್ಟರು ನೋಡಿ ‘ರಕ್ತ ಕಮ್ಮಿ ಇದೆ’ ಎಂದರು. ಅಷ್ಟು ಸಾಕಾಯಿತು, ಊರಿಗೆ ಊರೇ ಡಾಕ್ಟರಾಯಿತು. ಬೀಟ್ರೂಟು ತಿನ್ನಿಸಿ, ಬಸಳೆ ತಿನ್ನಿಸಿ, ಖರ್ಜೂರ ನೆನೆಸಿ ಕೊಡಿ, ಕಬ್ಬಿಣದ ಟಾನಿಕ್ ಕುಡಿಸಿ. ಹೇಳಲು ಯಾರಿಗೂ ನಾಲಿಗೆ ಸವೆಯಲಿಲ್ಲ. ನೀಲಿ ಕಲೆ ಕಂಡವರು ಇನ್ನೊಂದು ಕಥೆ ಕಟ್ಟಿದರು: ಗಂಡ ಬಡಿಯುತ್ತಾನೆ.

ಅವರನ್ನೆಲ್ಲ ಹೀಯಾಳಿಸುವ ಯೋಗ್ಯತೆ ನನಗೆ ಎಲ್ಲಿಂದ ಬರಬೇಕು? ನಾನೂ ನಂಬಿದೆ. ಒಂದು ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಬೇಲೆಕೇರಿಗೆ ಹೋಗಿ, ಅಕ್ಕಪಕ್ಕದವರಿಗೆ ಕೇಳುವ ಹಾಗೆ ಗಣಪತಿಗೆ ಬೈದೆ. ಹೆಂಡತಿಗೆ ಹೊಟ್ಟೆಗೆ ಹಾಕುತ್ತೀಯೋ ಬರೀ ಪೆಟ್ಟು ಹಾಕುತ್ತೀಯೋ ಎಂದು ಕೇಳಿದೆ. ಅವನು ತಲೆ ತಗ್ಗಿಸಿ, “ನಾ ಅವ್ಳ ಮೇಲೆ ಕೈ ಎತ್ತಿದವ ಅಲ್ಲ ಭಾವಾ” ಎಂದ, ಅಷ್ಟೇ. ನಾನು ಗೆದ್ದವನ ಹಾಗೆ ಬಸ್ಸು ಹತ್ತಿದೆ.

ಕೊನೆಗೆ ಜ್ವರ ಬಂದು ಇಳಿಯದಾದಾಗ ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೊಂಟದ ಎಲುಬಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಅಲ್ಲಿಯ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಇದರ ಹೆಸರು ಅಪ್ಲಾಸ್ಟಿಕ್ ಅನೀಮಿಯಾ. ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಮೈ ಕಾಯಬೇಕಾದ ಕಣಗಳೇ ತಿರುಗಿಬಿದ್ದು ಅಲ್ಲಿಯ ರಕ್ತದ ಬೀಜವನ್ನೆಲ್ಲ ಕೊಂದುಹಾಕಿವೆ, ಈಗ ಅಲ್ಲಿರುವುದು ಬರೀ ಕೊಬ್ಬು. ಅದಕ್ಕೇ ಕೆಂಪು ಕಣ ಇಲ್ಲದೆ ಸುಸ್ತು, ಬಿಳಿ ಕಣ ಇಲ್ಲದೆ ಜ್ವರ, ರಕ್ತ ಹೆಪ್ಪುಗಟ್ಟಿಸುವ ಕಣ ಇಲ್ಲದೆ ನೀಲಿ ಕಲೆ. ಇದು ಕ್ಯಾನ್ಸರಲ್ಲ, ಹಾಗೆಂದು ಸಣ್ಣ ಕಾಯಿಲೆಯೂ ಅಲ್ಲ. ಟಾನಿಕ್ಕು, ಬೀಟ್ರೂಟು — ಬೀಜ ಬಿತ್ತದ ಗದ್ದೆಗೆ ಗೊಬ್ಬರ ಹಾಕಿದ ಹಾಗೆ. ಗಣಪತಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ದಾರಿ ಎರಡು ಎಂದರು. ಒಡಹುಟ್ಟಿದವರ ಮಜ್ಜೆ ಹೊಂದಿದರೆ ಅದನ್ನು ಹಾಕುವುದು, ಅವಳ ವಯಸ್ಸಿಗೆ ಅದೇ ಒಳ್ಳೆಯದು, ಗುಣವಾದರೆ ಪೂರ್ತಿ ಗುಣ. ಇಲ್ಲವಾದರೆ ಕುದುರೆಯ ರಕ್ತದಿಂದ ತಯಾರಿಸಿದ ಒಂದು ಔಷಧ, ಆಮೇಲೆ ವರ್ಷಗಟ್ಟಲೆ ಮಾತ್ರೆ. ಅದು ಹಿಡಿಯಬಹುದು, ಹಿಡಿಯದೆಯೂ ಹೋಗಬಹುದು, ಹಿಡಿದರೂ ಕಾಯಿಲೆ ಮತ್ತೆ ಬರಬಹುದು. ಅವಳಿಗೆ ಒಡಹುಟ್ಟಿದವನೆಂದರೆ ನಾನೊಬ್ಬನೇ. ಹೊಂದದೇ ಇರುವ ಸಾಧ್ಯತೆಯೇ ಹೆಚ್ಚು ಎಂದು ಅವರು ಮೊದಲೇ ಹೇಳಿದ್ದರಿಂದ ಧೈರ್ಯವಾಗಿ ತೋಳು ಚಾಚಿ ಪರೀಕ್ಷೆಗೆ ರಕ್ತ ಕೊಟ್ಟೆ. ಎಲ್ಲರೂ ನೋಡುತ್ತಿದ್ದರಲ್ಲ!

ಹೊಂದಿತು. “ನಿಮ್ಮ ತಂಗಿ ಅದೃಷ್ಟ ಮಾಡಿದ್ದಾರೆ” ಎಂದು ಡಾಕ್ಟರಮ್ಮ ನಕ್ಕರು. ಹೇಗೆ ತೆಗೆಯುತ್ತಾರೆ ಎಂದು ನಾನು ಕೇಳಿದೆ. ಬೆನ್ನುಹುರಿಗೆ ಕೈ ಹಾಕುವುದಿಲ್ಲ, ಅರಿವಳಿಕೆ ಕೊಟ್ಟು ಬೋರಲು ಮಲಗಿಸಿ ಸೊಂಟದ ಹಿಂದಿನ ಎಲುಬಿನಿಂದ ಸೂಜಿಯಲ್ಲಿ ತೆಗೆಯುತ್ತಾರೆ, ಕೆಲವು ದಿನ ನೋವಿರುತ್ತದೆ, ಹೋದಷ್ಟು ಮೈಯೇ ಮತ್ತೆ ತುಂಬಿಕೊಳ್ಳುತ್ತದೆ — ಎಲ್ಲ ಹೇಳಿದರು. ನನಗೆ ಎಲ್ಲ ಅರ್ಥವಾಯಿತು. ಅರ್ಥವಾಗಲಿಲ್ಲ ಎನ್ನುವ ಒಂದು ನೆಪವೂ ನನಗಿಲ್ಲ.

ಹಾಗಾದರೆ ಏಕೆ? ಓದುವವರು ಏನಾದರೂ ದೊಡ್ಡ ಕಾರಣ ನಿರೀಕ್ಷಿಸುತ್ತಿರಬಹುದು — ಆಸ್ತಿ, ಹಳೆಯ ಹಗೆ, ಹೆಂಡತಿಯ ಮಾತು. ಏನೂ ಇಲ್ಲ. ಹೆದರಿಕೆ. ಹಲ್ಲು ಕೀಳಿಸಲು ಹೋಗಿ ಬಾಗಿಲಿನಿಂದಲೇ ಹಿಂದೆ ಬಂದವನು ನಾನು. ನೋವಾಗುತ್ತದಲ್ಲ ಎಂಬ ಅಷ್ಟೇ ಅಷ್ಟು ಭಯಕ್ಕೆ ನಾನು ತಂಗಿಯನ್ನು — ಮುಂದಿನ ಮಾತು ಬರೆಯಲು ಈಗಲೂ ಕೈ ಬರುವುದಿಲ್ಲ.

ಶೆಟಗೇರಿಯಲ್ಲಿ ಅವ್ವ ಹಿತ್ತಿಲಿನಲ್ಲಿ ಕೂತು ಬಂಗಡೆ ಮೀನು ಹೆಚ್ಚುತ್ತಿದ್ದಳು.

“ಡಾಕ್ಟ್ರು ಎಂತ ಅಂದ್ರು ಮಗಾ?”

ಎಲುಬಿನ ಒಳಗಿನ ತಿರುಳು ಸ್ವಲ್ಪ ತೆಗೆಯುತ್ತಾರಂತೆ, ಮತ್ತೆ ತುಂಬಿಕೊಳ್ಳುತ್ತದಂತೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕುರಿ ಎಲುಬು ಚೀಪಿದವಳಿಗೆ ತಿರುಳು ಎಂದರೆ ಗೊತ್ತಿಲ್ಲವೇ? ‘ಹಂಗಾರೆ ಬೇಗ ಹೋಗು’ ಎನ್ನುತ್ತಿದ್ದಳು. ನಾನು ಹೇಳಿದ್ದು ಇಷ್ಟು: “ನನ್ನ ಅಸ್ಥಿ ಕೊಡ್ಬೇಕಂತೆ ಅವ್ವಾ. ನಾಗೂಗೆ.”

ಹೆಣ ಸುಟ್ಟ ಮೂರನೆಯ ದಿನ ಬೂದಿಯಲ್ಲಿ ಆರಿಸಿ, ಮಡಕೆಗೆ ಹಾಕಿ, ನೀರಿಗೆ ಬಿಡುವುದಕ್ಕೆ ಮಾತ್ರ ಅಸ್ಥಿ ಎನ್ನುತ್ತಿದ್ದವಳು ಅವಳು. ಅಪ್ಪನ ಅಸ್ಥಿ ಕಂಡವಳು. ಅವಳ ಕೈಯಲ್ಲಿದ್ದ ಮೀನು ಜಾರಿತು.

“ಅಸ್ಥಿಯಾ? ಬದ್ಕಿದ್ದವ್ರದ್ದಾ?”

ನಾನು ಸುಮ್ಮನಿದ್ದೆ. ಆಡಿದ ಪದದ ಜೊತೆ ಈ ಸುಮ್ಮನಿದ್ದದ್ದೂ ನನ್ನ ಲೆಕ್ಕಕ್ಕೇ ಸೇರಲಿ. ಅವಳು ಬಹಳ ಹೊತ್ತು ಯೋಚಿಸಲಿಲ್ಲ.

“ಹಂಗಾರೆ ನಂದು ತಕಳೂಕೆ ಹೇಳು. ನಾ ಮುದ್ಕಿ, ಇವತ್ತಲ್ಲ ನಾಳೆ ಸುಡೂದೇ ಅಲ್ಲಾ? ನಾಗೂ ಉಳೀಲಿ.”

ಸಾಯುತ್ತೇನೆ ಎಂದು ತಿಳಿದೇ ಆಡಿದ ಮಾತು ಅದು. ಮೀನಿನ ಕೈ ಸೆರಗಿಗೆ ಒರೆಸಿಕೊಂಡು, ಈಗಲೇ ಹೊರಡುವವಳ ಹಾಗೆ ಎದ್ದೂ ನಿಂತಿದ್ದಳು. “ಮುದುಕ್ರದ್ದು ನಡಿಯೂದಿಲ್ಲ ಅವ್ವಾ” ಎಂದೆ. ಆಗ ಅವಳು ಮತ್ತೆ ಕೂತಳು, ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಒಂದನ್ನ ಉಳ್ಸೂಕೆ ಒಂದನ್ನ ಕೊಲ್ಲೂಕೆ ನನ್ನ ಹತ್ರ ಆಗೂದಿಲ್ಲ ಮಗಾ. ನೀ ಕೊಡೂದಿಲ್ಲ ಅಂತ ಆಣೆ ಮಾಡು.”

ಮಾಡಿದೆ. ಮನಸ್ಸು ಹಗುರವಾಯಿತು. ಅವಳು ಹುರಿದ ಬಂಗಡೆಯನ್ನೇ ತಿಂದು ಹೊರಟೆ.

ಆಸ್ಪತ್ರೆಗೆ ಬಂದು ತಲೆ ತಗ್ಗಿಸಿ ನಿಂತು, ಅವ್ವ ಆಣೆ ಹಾಕಿಸಿದಳು ಎಂದೆ. ಡಾಕ್ಟರಮ್ಮ, ತಾವೇ ಅವ್ವನ ಹತ್ತಿರ ಫೋನಿನಲ್ಲಿ ಮಾತಾಡಿ ಒಪ್ಪಿಸುವುದಾಗಿ ಹೇಳಿದರು. “ಹಳ್ಳಿ ಹೆಂಗಸು ಮೇಡಂ, ಹೇಳಿದರೆ ಅರ್ಥ ಆಗೋದಿಲ್ಲ” ಎಂದುಬಿಟ್ಟೆ. ಅವರು ನಿಟ್ಟುಸಿರುಬಿಟ್ಟು ನಂಬಿದರು. ಹಳ್ಳಿಯವರ ಮೌಢ್ಯ ಎಂದರೆ ಓದಿದವರು ಎಷ್ಟು ಸುಲಭವಾಗಿ ನಂಬುತ್ತಾರೆ! ಮೂಢನಂಬಿಕೆ ಎಂಬುದು ಇದ್ದರೆ ಅದೂ ಒಂದು. ನನ್ನ ಶಾಲೆಯ ಸ್ಟಾಫ್‌ರೂಮಿನಲ್ಲಂತೂ ‘ತಾಯಿಯ ಮಾತು ಮೀರದವ’ ಎಂದು ನನಗೆ ಹೆಸರು ಬಂತು. ಇಂಥ ಮಗ ಎಲ್ಲಿ ಸಿಗುತ್ತಾನೆ ಎಂದರು. ನಿಜ, ಹುಡುಕಿದರೂ ಸಿಗುವುದಿಲ್ಲ.

ನಾಗವೇಣಿ ನನಗೆ ಒಂದು ಮಾತೂ ಅನ್ನಲಿಲ್ಲ. “ನೀ ಎಂತ ಮಾಡ್ತೆ ಅಣ್ಣಾ, ಅವ್ವಂಗೆ ಗಂಡುಮಗನೇ ಹೆಚ್ಚು” ಎಂದಳು, ನನ್ನನ್ನೇ ಸಮಾಧಾನ ಮಾಡುತ್ತ.

ಕುದುರೆಯ ಔಷಧ ಕೊಟ್ಟರು. ಜ್ವರ ಬಂದು, ಮೈ ನಡುಗಿ, ಸಾವಿನ ಬಾಗಿಲು ತಟ್ಟಿ ಬಂದಳು. ಔಷಧ ಅರ್ಧಮರ್ಧ ಹಿಡಿಯಿತು, ಬದುಕಿದಳು. ಮಾತ್ರೆಯಿಂದ ವಸಡು ಊದಿತು, ಕೈ ನಡುಗತೊಡಗಿತು, ಕೆನ್ನೆಯ ಮೇಲೆ, ತುಟಿಯ ಮೇಲೆ ಕೂದಲು ಬಂತು. ಊರಿನಲ್ಲಿ ಹೋಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ಅಭ್ಯಾಸ ಅವಳಿಗೆ ಆಗ ಬಂದದ್ದು. ಅವಳಿಗೆ ಕುದುರೆ ರಕ್ತ ಹಾಕಿದ್ದಾರೆ, ಅದಕ್ಕೇ ಕೂದಲು ಎಂದು ನಕ್ಕವರೂ ಇದ್ದರು. ಆ ನಗೆಯೆಲ್ಲ ನನಗೆ ಸಲ್ಲಬೇಕಾದದ್ದು.

ಅವ್ವ ಬದುಕಿರುವ ತನಕ ನಾಗವೇಣಿ ಶೆಟಗೇರಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವ್ವ ನನ್ನ ಕೈಯಲ್ಲಿ ಒಣಮೀನು, ಹಲಸಿನ ಹಪ್ಪಳ ಕಳಿಸುವಳು, ಇವಳು ಗಂಟು ಬಿಚ್ಚದೆ “ತಕಂಡು ಹೋಗು” ಎನ್ನುವಳು. ಆ ಗಂಟನ್ನು ಹೋಗುತ್ತಲೂ ಬರುತ್ತಲೂ ನಾನೇ ಹೊತ್ತೆ. ಒಮ್ಮೆ ಅವ್ವ ಕೇಳಿದಳು.

“ನಂದು ತಕಳಿ ಅಂದಿದ್ನಲ್ಲ, ಅದ್ನ ನಾಗೂಗೆ ಹೇಳಿದ್ಯಾ?”

“ಹೇಳ್ದೆ.”

“ಎಂತ ಅಂದ್ಲು?”

“ಎಂತದೂ ಅನ್ಲಿಲ್ಲ.”

ಅವ್ವ ತಲೆಯಾಡಿಸಿದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾನು ನಾಗವೇಣಿಗೆ ಅದನ್ನು ಹೇಳಿರಲೇ ಇಲ್ಲ. ತಾನು ಜೀವ ಕೊಡುತ್ತೇನೆಂದದ್ದು ಮಗಳಿಗೆ ಗೊತ್ತಿದೆ, ಗೊತ್ತಿದ್ದೂ ಬರುವುದಿಲ್ಲ — ಹಾಗೆಂದೇ ತಿಳಿದು ಸತ್ತಳು. ಸತ್ತ ದಿನ ನಾಗವೇಣಿ ಬಂದು ಅಂಗಳದಲ್ಲೇ ನಿಂತು, ಹೆಣ ಎತ್ತುವ ಮೊದಲೇ ಹೊರಟುಹೋದಳು. ಕಲ್ಲೆದೆಯವಳು ಎಂದು ಜನ ಉಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಈ ಮಳೆಗಾಲ ಮುಗಿಯುವಾಗ ಅವಳ ತೋಳಿನ ಮೇಲೆ ಮತ್ತೆ ನೀಲಿ ಕಲೆ ಬಂತು. ಕಾಯಿಲೆ ತಿರುಗಿ ಬಂದಿದೆ. ಈಗ ಅಪಾಯ ಮೊದಲಿಗಿಂತ ಹೆಚ್ಚು, ಆದರೂ ಅಣ್ಣನ ಮಜ್ಜೆ ಹಾಕಿ ನೋಡಬಹುದು ಎಂದರಂತೆ ಡಾಕ್ಟರು. ಬೇಡವೆಂದವಳು ಅವಳೇ. ಗಣಪತಿ ಫೋನು ಮಾಡಿ ಹೇಳಿದ: “ಅವ್ವನ ಆಣೆ ಮುರಿದ್ರೆ ಅಣ್ಣನ ಮಕ್ಕಳಿಗೆ ತಟ್ತದೆ ಅಂತಾಳೆ ಭಾವಾ. ನಿಮ್ಮನ್ನ ಕೇಳೂದೇ ಬ್ಯಾಡ ಅಂತಾಳೆ.”

ನನ್ನ ಮಕ್ಕಳಿಗೆ ತಟ್ಟಬಾರದೆಂದು ಅವಳು ಸಾಯಲು ತಯಾರಾಗಿದ್ದಳು.

ಬೇಲೆಕೇರಿಗೆ ಹೋಗುವಾಗಲೂ ನಾನು ಒಂದು ಸುಳ್ಳು ಹೊಸೆದುಕೊಂಡೇ ಹೋಗಿದ್ದೆ. ದೇವರಿಗೆ ಕಾಯಿ ಒಡೆಸಿ, ಭಟ್ಟರ ಹತ್ತಿರ ಆಣೆ ಬಿಡಿಸಿಕೊಂಡು ಬಂದೆ ಎಂದುಬಿಟ್ಟರಾಯಿತು. ಮಜ್ಜೆಯೂ ಕೊಟ್ಟ ಹಾಗಾಯಿತು, ಮರ್ಯಾದೆಯೂ ಉಳಿಯಿತು. ನಾಯಿ ಬಾಲ ಡೊಂಕೇ. ಜಗಲಿಯಲ್ಲಿ ಕೂತು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು: “ಅವ್ವ ಮೇಲೆ ಸಿಕ್ಕಿದ್ರೆ ನಾ ಮೊದ್ಲು ಕೇಳೂದು ಒಂದೇ ಅಣ್ಣಾ. ನಿಂಗೆ ನಾ ಮಗಳಾಗಿರ್ಲಿಲ್ವಾ ಅಂತ.”

ಆಗ ಹೇಳಿದೆ. ಡಾಕ್ಟರಮ್ಮ ಅಂದದ್ದು, ನಾನು ಅವ್ವನಿಗೆ ಅಂದದ್ದು, ಅವ್ವ ಎದ್ದು ನಿಂತದ್ದು, ಆಮೇಲೆ ನಾನು ಇಬ್ಬರಿಗೂ ಆಡಿದ ಸುಳ್ಳು. ಗಣಪತಿ ಎದ್ದು ಟೆಂಪೋದ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ನಾಗವೇಣಿ ಅಳಲಿಲ್ಲ. ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ಕೆಳಗೆ ಬಿಟ್ಟಳು.

“ಅವ್ವ ಅಂದದ್ದು ಇನ್ನೊಂದ್ಸಲ ಹೇಳು. ಅವ್ಳು ಅಂದ ಹಂಗೇ ಹೇಳು.”

ಹೇಳಿದೆ. ನಂದು ತಕಳೂಕೆ ಹೇಳು, ನಾಗೂ ಉಳೀಲಿ. ಮತ್ತೊಮ್ಮೆ ಹೇಳಿಸಿದಳು. ಅಷ್ಟು ವರ್ಷ ತಡೆದಿಟ್ಟ ಮಾತನ್ನು ನನ್ನ ಬಾಯಿಂದಲೇ ಕಿತ್ತುಕೊಂಡಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

“ಡಾಕ್ಟ್ರಿಗೆ ಹೂಂ ಅಂತ ಹೇಳ್ತೆ. ನಂಗೆ ಬದುಕ್ಬೇಕು. ಅವ್ವ ಉಳೀಲಿ ಅಂದಿದ್ದಾಳೆ.” ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು: “ಅದು ಹಿಡಿದ್ರೆ ನನ್ನ ಮೈಯಾಗೆ ಆಮೇಲೆ ಹರಿಯೂದೆಲ್ಲ ನಿಮ್ಮ ರಕ್ತವೇ ಅಂತೆ. ಅದೊಂದು ನಾ ಸಹಿಸ್ಕಂತೆ. ಆಸ್ಪತ್ರಿಗೆ ಬನ್ನಿ, ಕೊಟ್ಟು ಹೋಗಿ. ಇಲ್ಲಿಗೆ ಬರೂದು ಬ್ಯಾಡ ಮಾಸ್ತರೇ.”

ಊರಿಗೆಲ್ಲ ನಾನು ಮಾಸ್ತರ. ಊರೆಲ್ಲ ನನಗೆ ‘ನೀವು’ ಎನ್ನುತ್ತದೆ. ‘ನೀನು’ ಎಂದು, ‘ಅಣ್ಣಾ’ ಎಂದು ಕರೆಯಲು ಈ ಭೂಮಿಯ ಮೇಲೆ ಉಳಿದಿದ್ದವಳು ಅವಳೊಬ್ಬಳೇ.

ಬರುವ ವಾರ ಆಸ್ಪತ್ರೆಗೆ ಹೋಗಿ ದಾಖಲಾಗಬೇಕು. ಹೆದರಿಕೆ ಇನ್ನೂ ಹೋಗಿಲ್ಲ. ಹೋಗುತ್ತೇನೆ. ಅವಳ ಕೋಣೆಯ ಕಡೆ ಹೋಗುವುದಿಲ್ಲ. ಬೋರಲು ಮಲಗಿ, ಅವರು ತೆಗೆಯುವಷ್ಟು ಕೊಟ್ಟು, ಹಿಂದೆ ಬರುತ್ತೇನೆ.