ಮುಖ ನೋಡಿ ಮಾತಾಡುವ ಊರು

ಗೌರಮ್ಮ ಸಿಸ್ಟರ್ ಒಮ್ಮೊಮ್ಮೆ ದನಿ ಹಾಕುವುದನ್ನೇ ಮರೆತುಬಿಡುತ್ತಿದ್ದರು. ಎದುರಿಗೆ ಬಂದು ನಿಂತು, ನಿಮ್ಮ ಗದ್ದವನ್ನು ಎರಡು ಬೆರಳಿನಿಂದ ತಮ್ಮ ಕಡೆ ತಿರುಗಿಸಿಕೊಂಡು, ತುಟಿಗಳನ್ನು ಚೆನ್ನಾಗಿ ಬಿಡಿಸಿ ಆಡಿಸುತ್ತಿದ್ದರು. ಸದ್ದು ಮಾತ್ರ ಬರುತ್ತಿರಲಿಲ್ಲ. ಹೊಸ ರೋಗಿಯಾದರೆ ತನ್ನ ಕಿವಿಯೇ ಹೋಯಿತೇನೋ ಎಂದು ಗಾಬರಿಯಾಗುತ್ತಿದ್ದ. ಆಗ ಅವರಿಗೇ ನೆನಪಾಗಿ, "ಅಯ್ಯೋ, ನಮ್ಮನೆವ್ರು ಅನ್ಕಂಡ್ಬುಟ್ಟೆ ಕಣಣ್ಣ" ಎಂದು ನಕ್ಕು, ಹೇಳಿದ್ದನ್ನೆಲ್ಲ ದನಿ ಸಮೇತ ಮೊದಲಿಂದ ಹೇಳುತ್ತಿದ್ದರು.

ಅವರ ಮನೆಯವರು ಮಾದಪ್ಪ, ಕೊಳ್ಳೇಗಾಲದಲ್ಲಿ ಟೈಲರ್. ಆರನೇ ವರ್ಷದಲ್ಲಿ ಬಂದ ಜ್ವರ ಆತನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದ, ತನ್ನ ಮಾತನ್ನು ಕೈಯಲ್ಲಿ ಹೇಳುತ್ತಿದ್ದ. ನೀವು ಎದುರಿಗೆ ನಿಂತು ನೆಟ್ಟಗೆ ಮಾತಾಡಿದರೆ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಕತ್ತು ತಿರುಗಿಸಿಕೊಂಡು ಮಾತಾಡಿದಿರೋ, ಆತನ ಪಾಲಿಗೆ ನೀವು ಅಲ್ಲಿಂದ ಎದ್ದುಹೋದಂತೆ.

ನಾನು ಹಳೇ ಗಾಡಿಗಳ ವ್ಯಾಪಾರಿ. ಪಾಲಾರ್ ಕಡೆ ಓಡುವ ಲಾರಿಗೆ ಕ್ಲೀನರಾಗಿ ಹತ್ತಿದವನು, ಯಾರ ಕೈಯನ್ನೂ ಕಾಯದೆ ಸ್ವಂತ ಅಂಗಡಿ ಮಾಡಿಕೊಂಡೆ. ಹೇಳಿದ ಬೆಲೆಗೆ ಒಂದು ಕಟ್ಟು ಸೊಪ್ಪನ್ನೂ ಕೊಂಡವನಲ್ಲ. ಒಂದು ದಿನ ಮಾರಾಟಕ್ಕೆ ಬಂದ ಬೈಕನ್ನು ಪರೀಕ್ಷೆ ಮಾಡಲು ಹನೂರಿನ ಕಡೆ ಓಡಿಸಿಕೊಂಡು ಹೋಗಿ ಕಾಲು ಮುರಿದುಕೊಂಡೆ. ನರ್ಸಿಂಗ್ ಹೋಮಿನಲ್ಲಿ ಗೌರಮ್ಮ ಸಿಸ್ಟರ್ ಪ್ಲಾಸ್ಟರ್ ಸುತ್ತುತ್ತಿರುವಾಗ ಮಲಗಿದ್ದಲ್ಲಿಂದಲೇ ಚೌಕಾಸಿ ಶುರುಮಾಡಿದೆ.

"ಒಂದ್ ಕಟ್ಟಿಗೆ ಇಷ್ಟೊಂದಾ ಸಿಸ್ಟರ್? ಡಾಕ್ಟ್ರಿಗೆ ಏಳಿ ಒಂಚೂರು ಕಮ್ಮಿ ಮಾಡ್ಸಿ."

ಅವರು ನನ್ನ ಗದ್ದ ಹಿಡಿದು ತಿರುಗಿಸಿದರು. "ಅರ್ಧ ದುಡ್ಗೆ ಅರ್ಧ ಕಾಲ್ ಕಟ್ತೀನಿ. ಮೇಲರ್ಧನೋ ಕೆಳಗರ್ಧನೋ ಅಂತ ಬೇಗ ಏಳಿ, ಪ್ಲಾಸ್ಟರ್ ಗಟ್ಟಿ ಆಯ್ತದೆ."

ಅಂದಿನಿಂದ ನಮ್ಮಿಬ್ಬರಿಗೂ ಸಲಿಗೆ ಬೆಳೆಯಿತು. ಕಾಲು ಕೂಡಿದ ಮೇಲೂ ಮಾದಪ್ಪನ ಅಂಗಡಿಯ ಬೆಂಚು ನನಗೆ ಸಂಜೆಯ ಜಾಗವಾಯಿತು.

ಸಿಸ್ಟರ್ ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಊಟವೂ ನಿಂತೇ. "ಕುಂತ್ರೆ ಕಾಲು ಕೇಳ್ತವೆ ಕಣಣ್ಣ, ಯಾಕ್ ಕುಂತೆ ಅಂತ" ಎನ್ನುತ್ತಿದ್ದರು. ಊರೂ ಅಷ್ಟೇ. ಹುಟ್ಟಿದ್ದು ಧನಗೆರೆ, ಮೊದಲ ಕೆಲಸ ಹನೂರು, ಆಮೇಲೆ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಗೆ, ಕಾಡೊಳಗಿನ ಪುಟ್ಟ ಹಾಡಿಗಳಿಗೆ, ಔಷಧಿ ಪೆಟ್ಟಿಗೆ ಹೊತ್ತು ನಡೆದದ್ದು, ಆಮೇಲೆ ಯಳಂದೂರು, ಕಡೆಗೆ ಕೊಳ್ಳೇಗಾಲ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು ಜನ ಆಡಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಯಳಂದೂರಿನ ಮನೆ ಬಿಟ್ಟದ್ದೇಕೆಂದು ಗೊತ್ತಾಗುವವರೆಗೆ.

ಒಳ್ಳೆಯ ಮನೆ. ನೀರಿತ್ತು, ಬಸ್‌ಸ್ಟ್ಯಾಂಡು ಹತ್ತಿರವಿತ್ತು. ಒಂದು ದಿನ ಸಿಸ್ಟರ್ ಡ್ಯೂಟಿ ಮುಗಿಸಿ ಬರುವಾಗ ಮಾದಪ್ಪ ಹಿತ್ತಲಲ್ಲಿ ಬೆನ್ನು ತಿರುಗಿಸಿಕೊಂಡು ಬಟ್ಟೆ ಒಗೆಯುತ್ತಿದ್ದ. ಮನೆ ಮಾಲೀಕ ಎರಡು ಸಲ ಕರೆದ, ಆಮೇಲೆ ಹುಣಸೆ ಬೀಜದಷ್ಟು ಕಲ್ಲೊಂದನ್ನು ಆಯ್ದು ಆತನ ಬೆನ್ನಿಗೆ ಎಸೆದ.

"ಕರುದ್ರೆ ಕೇಳ್ಸಕಿಲ್ವಲ್ಲಮ್ಮ, ಇನ್ನೇನ್ ಮಾಡದು? ಸಣ್ ಕಲ್ಲು ತಾನೇ" ಎಂದನಂತೆ ಆತ.

"ನಾಕ್ ಎಜ್ಜೆ ಮುಂದುಕ್ ಬರಕ್ಕೆ ನಿಮ್ ಕಾಲ್ಗೇನಾಗಿತ್ತು?" ಎಂದು ಕೇಳಿ ಸಿಸ್ಟರ್ ಆ ಭಾನುವಾರವೇ ಪಾತ್ರೆ ಪಗಡಿ ಗಾಡಿಗೆ ಹಾಕಿಸಿದರು.

"ಒಂದು ಬೀಜದಂಥ ಕಲ್ಲಿಗೆ ಅಂಥಾ ಮನೆ ಬುಡದಾ ಸಿಸ್ಟರ್?" ಎಂದು ನಾನು ಲೆಕ್ಕಾಚಾರ ಒಪ್ಪಿಸಿದ್ದೆ.

"ಕಲ್ಲು ಸಣ್ದೇ ಕಣಣ್ಣ. ಬೀದಿ ಮಕ್ಳು ನೋಡ್ತಾ ನಿಂತಿದ್ವು. ಇವತ್ತು ನೋಡ್ತವೆ, ನಾಳೆ ಎಸೀತವೆ" ಎಂದರು.

ಹೋದ ವರ್ಷ ಅವರ ಕಾಲು ಮತ್ತೆ ಕೇಳತೊಡಗಿತು. ಈ ಸಲ ಕೇಳಿದ್ದು ಐರ್ಲೆಂಡನ್ನು. ಆ ದೇಶಕ್ಕೆ ನರ್ಸುಗಳು ಬೇಕಂತೆ. ಇಂಗ್ಲಿಷ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಯಿತು. ಕೊಚ್ಚಿಯ ಏಜೆನ್ಸಿಯೊಂದು ಫೋನಿನಲ್ಲೇ ಸಂದರ್ಶನ ಮಾಡಿಸಿತು. ಮೂರು ಊರಿನ ಮೂರು ಆಸ್ಪತ್ರೆಗಳೂ ಬನ್ನಿ ಎಂದವು: ಡಬ್ಲಿನ್, ಕಾರ್ಕ್, ಸ್ಲೈಗೊ. ಹತ್ತು ದಿನದೊಳಗೆ ಒಂದನ್ನು ಒಪ್ಪಬೇಕು. ಒಪ್ಪಿದ ಮೇಲೆ ಎರಡು ವರ್ಷ ಕದಲುವಂತಿಲ್ಲ. ಆರು ತಿಂಗಳಾದ ಮೇಲೆ ಗಂಡ ಹೋಗಬಹುದು.

ಕಾಗದ ಹಿಡಿದು ನನ್ನ ಅಂಗಡಿಗೆ ಬಂದರು. ಸಲಹೆ ಕೇಳಲು ಬಂದವರನ್ನು ನಾನು ಬರಿಗೈಯಲ್ಲಿ ಕಳಿಸಿದವನಲ್ಲ. ಮೂರೂ ಊರಿನ ಹೆಸರು ಅಂದೇ ಮೊದಲು ಕೇಳುತ್ತಿದ್ದೆ; ಆದರೂ ಹೇಳಿದೆ. "ಡಬ್ಲಿನ್ ಇಡ್ಕಳಿ. ದೊಡ್ಡೂರು. ಒಂದ್ ಕೆಲ್ಸ ಓದ್ರೆ ಇನ್ನತ್ತು ಸಿಕ್ತವೆ. ಸಣ್ಣೂರಲ್ಲಿ ಒಬ್ಬನ ಕೂಡ ಜಗಳ ಆದ್ರೆ ಊರೆಲ್ಲ ಬಾಗ್ಲು ಆಕ್ಕತದೆ."

"ನಂಗ್ ಸಿಗ್ತದೆ. ನಮ್ಮನೆವ್ರಿಗೆ?" ಎಂದರು. "ಅಲ್ಲಿ ಬಂದು ಅವ್ರು ಮೂಲೆ ಇಡ್ದು ಕುಂತ್ಬುಟ್ರೆ, ವಾಪಸ್ ಬಂದ್ಬುಟ್ರೆ? ಎರಡ್ ವರ್ಸ ನಾನೊಬ್ಳೇ ಅಲ್ಲಿ, ಅವ್ರೊಬ್ರೇ ಇಲ್ಲಿ. ಅದ್ಕೇ ಮನೆ ನೋಡ್ಬೇಕು."

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಮನೆ ನೋಡಲು ಹೋಗುತ್ತೇವೆ. ಬುದ್ಧಿವಂತರು ಗಂಡಿನ ಮನೆಗೆ ನೆಟ್ಟಗೆ ಹೋಗುವುದಿಲ್ಲ. ಮೊದಲು ಆ ಊರಿನ ಟೀ ಅಂಗಡಿಯಲ್ಲಿ ಕೂರುತ್ತಾರೆ, ಪಕ್ಕದ ಮನೆಯಲ್ಲಿ ನೀರು ಕೇಳಿ ಕುಡಿಯುತ್ತಾರೆ, ಆಮೇಲೆ ಬೀಗರ ಬಾಗಿಲು. "ಇಲ್ಲಿ ನಾನು ಗಂಡ್ ಕೊಡ್ತಾ ಇದೀನಿ, ಅಷ್ಟೇ ವ್ಯತ್ಯಾಸ" ಎಂದರು ಸಿಸ್ಟರ್.

ಮೂರೂ ಊರುಗಳಲ್ಲಿರುವ ನಮ್ಮ ದೇಶದ ನರ್ಸುಗಳ ನಂಬರು ಹುಡುಕಿದರು. ಹೆಚ್ಚಿನವರು ಕೇರಳದವರು. ಅರ್ಧ ಇಂಗ್ಲಿಷ್, ಅರ್ಧ ತಮಿಳಿನಲ್ಲಿ ವಿಚಾರಣೆ. ಸಂಬಳ ಕೇಳಲಿಲ್ಲ, ಚಳಿ ಕೇಳಲಿಲ್ಲ. ಅಂಗಡಿಯವರು ಚಿಲ್ಲರೆ ಕೊಡುವಾಗ ಮುಖ ನೋಡುತ್ತಾರೋ ಕೈ ನೋಡುತ್ತಾರೋ? ದಾರಿ ಕೇಳಿದರೆ ನಿಂತು ಹೇಳುತ್ತಾರೋ, ನಡೆಯುತ್ತಲೇ ಹೇಳುತ್ತಾರೋ? ಅತ್ತ ಕಡೆಯವರು ನಕ್ಕರು, ಆಮೇಲೆ ಯೋಚಿಸಿ ಹೇಳಿದರು. ಮೂರು ದಿನದಲ್ಲಿ ಗೊತ್ತಾಯಿತು: ಕಾರ್ಕಿನಲ್ಲಿ ಬಟ್ಟೆ ರಿಪೇರಿ ಮಾಡುವ ಅಂಗಡಿಯೊಂದಿದೆ, ಅಲ್ಲಿ ಕಿವಿ ಕೇಳದವರಿಬ್ಬರು ಮೆಷಿನ್ ಮೇಲೆ ಕೂರುತ್ತಾರೆ. ಆ ಮಾತು ಹೇಳುವಾಗ ಸಿಸ್ಟರ್ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತೇ ಬಿಟ್ಟರು. ನಾನು ನೋಡಿದ್ದು ಅದೇ ಮೊದಲು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಕಾರ್ಕಿನ ಆಸ್ಪತ್ರೆ ಮೊದಲ ಒಂದು ತಿಂಗಳು ಮಾತ್ರ ಇರಲು ಜಾಗ ಕೊಡುತ್ತೇವೆಂದು ಬರೆದಿತ್ತು. ನನ್ನ ನಾಲಿಗೆ ತುರಿಸಿತು.

"ಇರಿ, ಒಪ್ಕಬೇಡಿ. ಮೂರ್ ತಿಂಗ್ಳು ಕೇಳಿ. ಇಲ್ಲಾಂದ್ರೆ ನಂಗೆ ಬ್ಯಾಡ ಅಂತ ಬರೀರಿ."

"ಬ್ಯಾಡ ಅಂದ್ರೆ ಬುಟ್ಬುಟ್ರೆ?"

"ಯಾವ್ ಯಾಪಾರದಲ್ಲಿ ಬುಡ್ತಾರೆ ಸಿಸ್ಟರ್? ಟವಲ್ ಕೊಡವ್ಕಂಡು ಎದ್ದು ನಾಕ್ ಎಜ್ಜೆ ಓಗಿ. ಐದ್ನೇ ಎಜ್ಜೆಗೆ ಕರೀತಾರೆ. ಕರೀದಿದ್ರೆ ನನ್ ಮೀಸೆ ಬೋಳ್ಸಿ."

ನಾನು ಹೇಳಿದೆ, ಅವರು ಇಂಗ್ಲಿಷಿಗೆ ತಿರುಗಿಸಿ ಫೋನಿನಲ್ಲಿ ಒತ್ತಿದರು. ಕಳಿಸುವ ಮುಂಚೆ ಒಂದು ಗಳಿಗೆ ಬೆರಳು ತಡೆಯಿತು. "ಒತ್ತಿ, ಒತ್ತಿ" ಎಂದವನೂ ನಾನೇ.

ಮಾರನೆಯ ದಿನವೇ ಉತ್ತರ ಬಂತು. ಎರಡೇ ಸಾಲು. ನಿಮ್ಮ ತೀರ್ಮಾನವನ್ನು ಗೌರವಿಸುತ್ತೇವೆ, ನಿಮಗೆ ಒಳ್ಳೆಯದಾಗಲಿ. ಇದೂ ಒಂದು ವರಸೆ, ಕಾಯಿರಿ ಎಂದೆ. ಕಾದೆವು. ಎರಡನೇ ದಿನ ಏಜೆನ್ಸಿಯಿಂದ ಫೋನು: ಕಾರ್ಕಿನ ಜಾಗ ಬೇರೆಯವರಿಗೆ ಹೋಯಿತು. ಆ ಜನ ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆಂಬುದು ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಗೊತ್ತಿರಲಿಲ್ಲ.

ನನಗೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಬಂದ ಗಿರಾಕಿಗೆ ಕೇಳಿದ ಬೆಲೆಗೇ ಸ್ಕೂಟರ್ ಕೊಟ್ಟು ಕಳಿಸಿದೆ. ನರ್ಸಿಂಗ್ ಹೋಮಿನ ಮುಂದೆ ನಾಲ್ಕು ಸಲ ಹೋಗಿ ನಾಲ್ಕು ಸಲ ಟೀ ಕುಡಿದು ವಾಪಸ್ಸಾದೆ. ಐದನೇ ಸಲ ಅವರೇ ಕಿಟಕಿಯಿಂದ ಕರೆದರು.

"ಯಾಕಣ್ಣ ಅಲ್ಲೇ ಸುತ್ತಾಡ್ತಿದ್ದೀರಿ? ಉಸಾರಿಲ್ಲಾಂದ್ರೆ ಟೋಕನ್ ತಕಳಿ."

"ನಂದೇ ತಪ್ಪು ಸಿಸ್ಟರ್."

"ಬರ್ದಿದ್ ಕೈ ನಂದು" ಎಂದು ಬ್ಯಾಂಡೇಜು ಸುತ್ತುವ ಕೆಲಸಕ್ಕೆ ತಿರುಗಿದರು. ಬೈದಿದ್ದರೆ ಮೈಯಾದರೂ ಹಗುರಾಗುತ್ತಿತ್ತು. ಆ ದಿನ ಪೂರ್ತಿ ಅವರು ಒಬ್ಬ ರೋಗಿಯ ಗದ್ದವನ್ನೂ ಮುಟ್ಟಲಿಲ್ಲವೆಂದು ಆಯಾ ಆಮೇಲೆ ಹೇಳಿದಳು.

ಉಳಿದದ್ದು ಎರಡು ಊರು, ಮೂರು ದಿನ. ಹುಟ್ಟುಗುಣ, ನಾನು ಮತ್ತೆ ಬಾಯಿ ಬಿಟ್ಟೆ: "ಇನ್ ಯೋಚ್ನೆ ಏನು, ಡಬ್ಲಿನ್ನೇ..."

"ಅಣ್ಣ, ನಿಮ್ ಬಾಯ್ಗೊಂದು ಪ್ಲಾಸ್ಟರ್ ಆಕ್ಲಾ?"

ಭಾನುವಾರ ಸಂಜೆ ಮಾದಪ್ಪನ ಅಂಗಡಿಯಲ್ಲಿ ಸೇರಿದೆವು. ಎರಡೂ ಊರಿನ ನರ್ಸುಗಳು ಫೋನು ಹಿಡಿದು ಬೀದಿಯಲ್ಲಿ ನಡೆದು ತೋರಿಸುವುದೆಂದು ಮಾತಾಗಿತ್ತು. ಮೊದಲು ಡಬ್ಲಿನ್. ರೈಲಿನಂಥ ಬಸ್ಸುಗಳು, ಗಾಜಿನ ಅಂಗಡಿಗಳು, ಎಲ್ಲಿ ನೋಡಿದರೂ ಜನ. ನನಗೆ ಬಹಳ ಹಿಡಿಸಿತು. ಮಾದಪ್ಪ ಮಾತ್ರ ಪರದೆಯ ಮೇಲೆ ಬಗ್ಗಿಕೊಂಡು ಏನನ್ನೋ ಹುಡುಕುವವನಂತೆ ನೋಡಿದ, ಸಿಗದವನಂತೆ ಹಿಂದೆ ಸರಿದ. ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಸಿದೆ, ಎಲ್ಲರ ಕಣ್ಣೂ ನೆಲದ ಮೇಲೆ ಎಂದು ಕೈಯಲ್ಲಿ ತೋರಿಸಿದ.

ಆಮೇಲೆ ಸ್ಲೈಗೊ. ಸೋನೆ ಮಳೆ. ಊರಿನ ನಡುವೆ ಹೊಳೆ, ಅದರ ಪಕ್ಕ ಒಂದು ಬೀದಿ. ಇಷ್ಟೇನಾ ಎಂದು ನಾನು ಆಕಳಿಸುವಷ್ಟರಲ್ಲಿ ಒಂದು ಬಸ್ಸು ನಿಂತಿತು. ಮುದುಕಿಯೊಬ್ಬಳು ಹತ್ತಿದಳು. ಡ್ರೈವರ್ ಪೂರ್ತಿ ಅವಳ ಕಡೆ ತಿರುಗಿದ, ಏನೋ ಹೇಳಿದ, ಅವಳು ತಲೆಯಾಡಿಸುವವರೆಗೆ ಮುಖ ತೆಗೆಯಲಿಲ್ಲ. ಅವಳು ಕೂತ ಮೇಲೆಯೇ ಬಸ್ಸು ಹೊರಟದ್ದು. ಮಾದಪ್ಪ ಪರದೆಯ ಮೇಲೆ, ಆ ಡ್ರೈವರಿನ ಮುಖದ ಮೇಲೆ ಬೆರಳಿಟ್ಟ.

"ಒಬ್ಬ ಡ್ರೈವರ್ ನೋಡಿ ಊರ್ ಒಪ್ಪದಾ?" ಎಂದೆ.

ಸಿಸ್ಟರ್ ನನ್ನ ಗದ್ದ ತಿರುಗಿಸಿದರು. "ನೀವ್ ಗಾಡಿ ತಕಳಕ್ ಮುಂಚೆ ಮೊದ್ಲು ಏನ್ ನೋಡ್ತೀರಿ? ಇಂಜಿನ್ನಾ, ಓಡ್ಸ್ದೋನ್ ಮಕವಾ?"

ನಾನು ಮೊದಲು ನೋಡುವುದು ಓಡಿಸಿದವನ ಮುಖವನ್ನೇ. ಅದನ್ನು ಅವರಿಗೆ ಹೇಳಿಕೊಟ್ಟವನೂ ನಾನೇ. ಅಲ್ಲಿಗೆ ಸ್ಲೈಗೊ ಎಂದಾಯಿತು. ಆ ಆಸ್ಪತ್ರೆಯೂ ಒಂದೇ ತಿಂಗಳ ಜಾಗ ಕೊಡುತ್ತೇವೆಂದಿತ್ತು; ಈ ಸಲ ಸಿಸ್ಟರ್ ದೊಡ್ಡ ಉಪಕಾರ ಎಂದು ಬರೆದರು.

ಹೊರಟ ದಿನ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಡೆಯದಾಗಿ ನೋಡಿದೆ. ಬೆಂಗಳೂರಿನ ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇದ್ದವು. ಅವರು ಕಿಟಕಿಯ ಕಂಬಿ ಹಿಡಿದು ನಿಂತಿದ್ದರು. ಗಂಡನ ಕೂಡ ಬಹಳ ಹೊತ್ತು ದನಿಯಿಲ್ಲದೆ ಮಾತಾಡಿದರು. ಪಕ್ಕದಲ್ಲೇ ನಿಂತಿದ್ದರೂ ನನಗೆ ಒಂದು ಮಾತೂ ತಿಳಿಯಲಿಲ್ಲ, ತಿಳಿಯಬೇಕಾದ್ದೂ ಅಲ್ಲ. ಆಮೇಲೆ ನನ್ನ ಕಡೆಗೆ: "ಇಂದುಗಡೆಯಿಂದ ಯಾರ್ನೂ ಅವ್ರ್ನ ಕೂಗಕ್ ಬುಡ್ಬೇಡಿ ಅಣ್ಣ. ಮುಂದುಕ್ ಬಂದು ಮಾತಾಡಕ್ಕೇಳಿ." ಹೇಳಲು ನನಗೆ ಬೇಕಾದಷ್ಟಿತ್ತು. ಪಾಸ್‌ಪೋರ್ಟು ಒಳಜೇಬಿನಲ್ಲಿಡಿ, ಹೊಸ ಊರಲ್ಲಿ ಮೊದಲ ವಾರ ಯಾರಿಗೂ ಸಾಲ ಕೊಡಬೇಡಿ ಎಂದೆಲ್ಲ. ಬಸ್ಸು ಹೊರಟುಹೋಯಿತು.

ಅದಾಗಿ ಏಳು ತಿಂಗಳು. ಮಾದಪ್ಪ ಅಲ್ಲಿಗೆ ಹೋಗಲು ವೀಸಾ ಕಾಗದ ಬಂದಿತ್ತು, ಇರಲು ಮನೆ ಸಿಕ್ಕಿರಲಿಲ್ಲ. ಸಿಸ್ಟರ್ ಇನ್ನೂ ಮೂವರು ನರ್ಸುಗಳ ಜೊತೆ ಒಂದು ರೂಮಿನಲ್ಲಿದ್ದರು. ಅಲ್ಲಿಗೆ ಗಂಡಂದಿರು ಬರುವಂತಿಲ್ಲ. ಮನೆ ಕೇಳಲು ಹೋದಾಗೆಲ್ಲ ಅವರು ಮೊದಲ ಮಾತಿಗೇ "ನನ್ನ ಗಂಡನಿಗೆ ಕಿವಿ ಕೇಳದು" ಎಂದುಬಿಡುತ್ತಿದ್ದರಂತೆ. ಮಾಲು ಮಾರುವವನು ಮೊದಲೇ ಓರೆಕೋರೆ ಹೇಳುತ್ತಾನೆಯೇ? ಆದರೆ ಹೇಳಿ ಕಳಿಸುವ ಧೈರ್ಯ ನನಗಿರಲಿಲ್ಲ. ಎರಡು ಮನೆಯವರು ನೋಡೋಣ ಎಂದು ಆಮೇಲೆ ಫೋನೇ ಎತ್ತಲಿಲ್ಲ. ದಿನಾ ಸಂಜೆ ಹೋಗಿ ಮಾದಪ್ಪನ ಎದುರಿಗೆ ನಿಂತು "ಏನಾಯ್ತು?" ಎಂದು ತುಟಿ ಆಡಿಸುವುದು, ಆತ ಇಲ್ಲ ಎಂದು ಕೈಯಾಡಿಸುವುದು. ಕಾರ್ಕ್ ಆಗಿದ್ದಿದ್ದರೆ ಎಂಬ ಮಾತು ಇಬ್ಬರ ನಡುವೆ ಬೆಂಚಿನ ಮೇಲೆ ಕೂತಿರುತ್ತಿತ್ತು.

ಹೋದ ವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಆತನ ಫೋನು ಮಿನುಗಿತು. ಪರದೆಯಲ್ಲಿ ಸಿಸ್ಟರ್, ಪಕ್ಕದಲ್ಲಿ ಬಿಳಿ ಕೂದಲಿನ ಒಬ್ಬಾಕೆ. ಮನೆಯೊಡತಿ. ಹಿಂದಿನ ದಿನ ಸಿಸ್ಟರ್ ಮನೆ ಕೇಳಲು ಹೋದಾಗ ಆಕೆ ಬಾಡಿಗೆಯ ಮಾತು ಎತ್ತಲಿಲ್ಲವಂತೆ, ನಿನ್ನ ಗಂಡನ ಹೆಸರನ್ನು ಹೇಗೆ ಹೇಳಬೇಕು, ತುಟಿ ತೋರಿಸು ಎಂದಳಂತೆ. ಈಗ ಆಕೆ ಫೋನಿನ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಬಾಯಿ ಬಿಡಿಸಿ ಆತನ ಹೆಸರು ಹೇಳಿದಳು. ನನ್ನ ಕಿವಿಗೆ ಬಂದ ಸದ್ದು ಯಾವ ಭಾಷೆಯದೂ ಆಗಿರಲಿಲ್ಲ. ಮಾದಪ್ಪ ಕತ್ತರಿ ಕೆಳಗಿಟ್ಟು, ಕರೆದರೆ ಎದ್ದು ನಿಲ್ಲುವ ಹಾಗೆ, ಎದ್ದು ನಿಂತ.

ಆಮೇಲೆ ಆತ ಆಕೆಯ ಹಿಂದಿದ್ದ ಬೋಳು ಕಿಟಕಿಯ ಕಡೆ ಬೆರಳು ತೋರಿಸಿದ. ಸಿಸ್ಟರ್ ಹೋಗಿ ಮೊಳ ಹಾಕತೊಡಗಿದರು. ಮೊಳವಲ್ಲ, ಮೊಳವಲ್ಲ ಎಂದು ಈತ ಕೊರಳಿನ ಟೇಪನ್ನು ಎತ್ತಿ ಆಡಿಸಿದ. ಆ ಮುದುಕಿ ಟೇಪು ಹುಡುಕಲು ಒಳಗೆ ಹೋದಳು. ಮಾದಪ್ಪ ಹೊಸ ಮನೆಯ ಕಿಟಕಿ ಪರದೆಗೆಂದು ತಾನು ಎತ್ತಿಟ್ಟಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಸೀಮೆಸುಣ್ಣ ಹಿಡಿದು ಕಾದ.

ಅಂಚಿಗೆ ನಾಲ್ಕು ಇಂಚು ಜಾಸ್ತಿ ಬಿಡು, ಚಳಿ ದೇಶ, ನೆಲದವರೆಗೆ ಬರಲಿ ಎಂದು ಹೇಳಲು ನಾನು ಬಾಯಿ ತೆರೆದೆ. ಆತ ನನ್ನ ಕಡೆ ನೋಡುತ್ತಿರಲಿಲ್ಲ.